ದೇವರ ಬಲಗಡೆಯಿಂದ ಆರನೆಯದು

ನಾನು ಬರೆದ ಒಂದು ಪುಟದ ಅರ್ಜಿಯಿಂದ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು. ಆ ಪುಟದಲ್ಲಿ ಒಂದು ಚಿತ್ತು ಇರಲಿಲ್ಲ. ಎಡಗಡೆ ಎರಡು ಬೆರಳಗಲ ಅಂಚು ಬಿಟ್ಟಿದ್ದೆ, ಅಂಶಗಳಿಗೆ ಕ್ರಮಸಂಖ್ಯೆ ಕೊಟ್ಟಿದ್ದೆ, ವಿಷಯದ ಸಾಲಿನ ಕೆಳಗೆ ಗೆರೆ ಎಳೆದಿದ್ದೆ. ಎಲ್ಲವೂ ಇತ್ತು, ನಿಜವೊಂದು ಇರಲಿಲ್ಲ.

ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ಮೊಣಕಾಲು ಮಹಡಿ ಹತ್ತಲು ಒಲ್ಲೆನೆಂದ ಮೇಲೆ ಕೆಲಸ ಬಿಟ್ಟವಳು ನಾನು. ಕೆಲಸ ಬಿಟ್ಟರೂ ಕಲಿಸುವ ಚಟ ಬಿಡಲಿಲ್ಲ. ಸ್ಪರ್ಧಾ ಪರೀಕ್ಷೆಗೆ ಓದುವ ಏಳೆಂಟು ಮಂದಿಗೆ ಸಂಜೆ ಆರರಿಂದ ಏಳರವರೆಗೆ ಫೋನಿನಲ್ಲಿಯೇ ವ್ಯಾಕರಣ ಹೇಳಿಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಮನೆಯೇ ನನ್ನ ಶಾಲೆ. ಬೇಳೆಯ ಡಬ್ಬಿಗೆ ಬೇಳೆಯೆಂದು, ಅದರ ಮುಚ್ಚಳಕ್ಕೆ ಬೇಳೆಯ ಮುಚ್ಚಳವೆಂದು ಚೀಟಿ ಅಂಟಿಸಿದ್ದೇನೆ. ನಮ್ಮ ಮನೆಯಲ್ಲಿ ಚೀಟಿಯಿಲ್ಲದೆ ಓಡಾಡುವುದು ನನ್ನ ಯಜಮಾನರೊಬ್ಬರೇ ಎಂದು ನನ್ನ ನೆಗೆಣ್ಣಿ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ನೆಗೆಣ್ಣಿಯೆಂದರೆ ನನ್ನ ಮೈದುನನ ಹೆಂಡತಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಉಗ್ರಾಣದಲ್ಲಿ ನಾನು ಸೀನಿದರೆ ಅವಳ ದೇವರಕೋಣೆಯಿಂದ "ಚಿರಂಜೀವಿ" ಎಂಬ ಮಾತು ಕೇಳಿಸುತ್ತದೆ. ಮೂರು ವರ್ಷದ ಹಿಂದೆ ಎರಡೂ ಮನೆಗೆ ಒಂದೇ ದಿನ ಇಂಟರ್‌ನೆಟ್ ಬಂತು. ಒಂದೇ ಬಗೆಯ ಎರಡು ಬಿಳಿ ವೈಫೈ ಡಬ್ಬಿ, ಎರಡಕ್ಕೂ ಮೊಲದ ಕಿವಿಯಂತೆ ಎರಡೆರಡು ಕಡ್ಡಿ. ಆಚೆ ಮನೆಗೆ ಹೋದಾಗ ಫೋನು ತಬ್ಬಿಬ್ಬಾಗಬಾರದೆಂದು ಎರಡು ಡಬ್ಬಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿಸಿದೆವು. ಇದು ನೆಗೆಣ್ಣಿಯ ಸಲಹೆ. ಪಾಸ್‌ವರ್ಡ್ ಮಾತ್ರ ನನ್ನದು. ಅದನ್ನು ತಪ್ಪಿಲ್ಲದೆ ಒತ್ತಲು ಮೈದುನನಿಗೆ ಒಂದು ವಾರ ಹಿಡಿಯಿತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನೆಗೆಣ್ಣಿ ಮಗಳ ಬಾಣಂತನಕ್ಕೆಂದು ಸಿಂಧನೂರಿಗೆ ಹೊರಟಳು. ಅಲ್ಲಿಯೇ ಅಕ್ಕಿ ಗಿರಣಿಯ ಮೋಟಾರುಗಳ ರಿಪೇರಿ ಸಿಕ್ಕಿತೆಂದು ಮೈದುನನೂ ಹೋದ. ಮನೆಗೆ ಬೀಗ ಬಿತ್ತು. ದೇವರ ಮುಂದಿನ ಸಣ್ಣ ಬಲ್ಬು ಆರಬಾರದೆಂದು ಮೇನ್ ಸ್ವಿಚ್ ಹಾಕಿಯೇ ಹೋದಳು. ಬೀಗದ ಕೈಗಳನ್ನು ಮಾತ್ರ ಎರಡನ್ನೂ ಒಯ್ದಳು. ಹಿಂದೊಮ್ಮೆ ಒಂದನ್ನು ನನ್ನ ಹತ್ತಿರ ಬಿಟ್ಟು ಹೋಗಿದ್ದಾಗ ನಾನು ಅವಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಟ್ಟಿದ್ದೆ. ಸಾಸಿವೆ ಹುಡುಕಲು ಅವಳಿಗೆ ಯುಗಾದಿಯವರೆಗೂ ಆಗಿರಲಿಲ್ಲವಂತೆ.

ಅವರು ಹೋದ ಮರುದಿನವೇ ನಮ್ಮ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಹೆಣ್ಣುದನಿ ಡಬ್ಬಿಯ ಬುಡದಲ್ಲಿರುವ ನಂಬರ್ ಓದಲು ಹೇಳಿತು. ಕನ್ನಡಕ ಹಾಕಿಕೊಂಡು, ಡಬ್ಬಿಯನ್ನು ಬೋರಲು ಹಾಕಿ, ಅಕ್ಷರ ಅಕ್ಷರವಾಗಿ ಎರಡು ಸಲ ಓದಿದೆ.

"ಈ ನಂಬರ್ ನಿಮ್ಮ ಖಾತೆಯಲ್ಲಿ ಇಲ್ಲ ಮೇಡಂ. ನಿಮ್ಮ ಖಾತೆಯಲ್ಲಿರೋ ಡಬ್ಬಿ ಸರಿಯಾಗಿ ನಡೀತಾ ಇದೆ."

"ಎಲ್ಲಿ ನಡೆಯುತ್ತಿದೆ?"

"ನಿಮ್ಮ ಮನೆಯಲ್ಲೇ ಮೇಡಂ."

"ತಾಯೀ, ಆ ಮನೆಯಲ್ಲಿ ನಾನಿದ್ದೇನೆ. ನನ್ನೆದುರು ಕೆಂಪು ದೀಪ ಉರಿಯುತ್ತಿದೆ."

"ಇಲ್ಲಿ ಹಸಿರು ತೋರಿಸ್ತಾ ಇದೆ ಮೇಡಂ. ಬೇರೇನಾದರೂ ಸಹಾಯ ಬೇಕಾ?"

"ಹಾಗಾದರೆ ನನ್ನ ಕೈಯಲ್ಲಿರುವ ಈ ಡಬ್ಬಿ ಯಾರದು?" ಎಂದರೆ, ಒಬ್ಬ ಗ್ರಾಹಕರ ವಿವರ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದಳು. ನಿಯಮವನ್ನು ಪಾಲಿಸುವವರ ಮೇಲೆ ನನಗೆ ಗೌರವವಿದೆ. ಅವತ್ತು ಒಂದಿಷ್ಟು ಕಡಿಮೆಯಾಯಿತು.

ಆ ಸಂಜೆ ಪಾಠಕ್ಕೇನು ಗತಿಯೆಂದು ಫೋನು ಹಿಡಿದು ಮನೆಯೆಲ್ಲ ಸುತ್ತಿದೆ. ಉಗ್ರಾಣದ ಮೂಲೆಯಲ್ಲಿ, ನೆಗೆಣ್ಣಿಯ ಮನೆಯ ಗೋಡೆಗೆ ಆತುಕೊಂಡರೆ, ಇಂಟರ್‌ನೆಟ್ ಬಂದೇಬಿಟ್ಟಿತು. ಉಳ್ಳಾಗಡ್ಡಿಯ ಚೀಲದ ಮೇಲೆ ಕುಳಿತು ಪಾಠ ಮಾಡಿದೆ. ನನ್ನ ಬೆನ್ನ ಹಿಂದೆ ಜೋಳದ ಮೂಟೆಗಳು ಕಾಣುತ್ತಿದ್ದವೆಂದು ತೋರುತ್ತದೆ.

"ಟೀಚರ್ರ, ಇವತ್ತು ಸಂತ್ಯಾಗ ಕುಂತೀರೇನ್ರಿ?" ಎಂದು ಸಂತೆಕಲ್ಲೂರಿನ ವಿದ್ಯಾರ್ಥಿನಿ ಕೇಳಿದಳು. ಉಳಿದವರು ಬಾಯಿ ಮುಚ್ಚಿಕೊಂಡರು. ಅದು ನಗು ಮುಚ್ಚಿಕೊಳ್ಳುವ ರೀತಿ.

ಪಾಠ ಮುಗಿಸಿ ಹೊರಗೆ ಹೋಗಿ ನೆಗೆಣ್ಣಿಯ ಮನೆಯ ಕಿಟಕಿಯಲ್ಲಿ ಇಣುಕಿದೆ. ಯಾರೂ ಇಲ್ಲದ ಮನೆಯಲ್ಲಿ ಆ ಡಬ್ಬಿ ಹಸಿರು ದೀಪ ಮಿಟುಕಿಸುತ್ತ ಕುಳಿತಿತ್ತು. ನನ್ನ ಮನಸ್ಸು ತಟಕ್ಕನೆ ಲೆಕ್ಕ ಬಿಡಿಸಿತು. ಎರಡು ವಾರದ ಹಿಂದೆ ಹುಲ್ಲಿನ ಟ್ರ್ಯಾಕ್ಟರ್ ಹೋಗುವಾಗ ಬೀದಿಯ ಫೈಬರ್ ವೈರು ಹರಿದಿತ್ತು. ಲೈನ್‌ಮನ್ ಬಂದು ಕಂಬ ಹತ್ತಿ ಜೋಡಿಸಿದ್ದ. ಆಮೇಲೆ ನೀರು ಕುಡಿಯಲೆಂದು ನೆಗೆಣ್ಣಿಯ ಮನೆಯೊಳಗೆ ಹೋಗಿದ್ದ. ಅಂದೇ ಡಬ್ಬಿಗಳನ್ನು ಅದಲುಬದಲು ಮಾಡಿದ್ದಾನೆ! ಬೇರೆ ಯಾರು ಮುಟ್ಟಲು ಸಾಧ್ಯ?

ವರದಿ ಬರೆಯುವುದನ್ನು ಕಲಿಸುವಾಗ ಮಕ್ಕಳಿಗೆ ನಾನು ಹೇಳುತ್ತಿದ್ದ ಮೊದಲ ಮಾತು, ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನು ಬರೆಯಬೇಡಿ ಎಂಬುದು. ಅಂದು ಅರ್ಜಿ ಬರೆಯಲು ಕುಳಿತಾಗ ಆ ಮಾತು ನನಗೆ ನೆನಪಾಗಲಿಲ್ಲ. ಮೂರನೆಯ ಅಂಶವಾಗಿ, "ಸದರಿ ಲೈನ್‌ಮನ್ ಅವರು ಯಾವ ದಾಖಲೆಯನ್ನೂ ಮಾಡದೆ ಎರಡು ಮನೆಗಳ ಡಬ್ಬಿಗಳನ್ನು ಅದಲುಬದಲು ಮಾಡಿದ್ದಾರೆ" ಎಂದು ಬರೆದೆ. ಮಾಡಿರಬಹುದು ಎಂದಲ್ಲ, ಮಾಡಿದ್ದಾರೆ ಎಂದು. ಯಜಮಾನರು ಓದಿ, "ಅವ ನಿನ್ನ ಹಳೇ ಶಿಷ್ಯ ಅಲ್ಲೇನು?" ಎಂದರು. ಶಿಷ್ಯನಾದರೇನು, ತಪ್ಪು ತಪ್ಪೇ ಎಂದೆ. ಅವರು ಪತ್ರಿಕೆಯ ಹಿಂದೆ ಮರೆಯಾದರು.

ಗುರುವಾರ ಲಿಂಗಸುಗೂರಿನ ಬಸ್ಸು ಹತ್ತಿದೆ. ಕಂಪನಿಯ ಶಾಖೆ ಅಲ್ಲಿದೆ, ದೊಡ್ಡ ಆಫೀಸು ಸಿಂಧನೂರಿನಲ್ಲಿ. ಮಸ್ಕಿಯವರು ಯಾವ ದೂರಿಗಾದರೂ ಆ ಕಡೆಗೋ ಈ ಕಡೆಗೋ ಬಸ್ಸು ಹತ್ತಲೇಬೇಕು. ದಾರಿಯುದ್ದಕ್ಕೂ ಜೋಳ ತೆನೆ ಬಿಟ್ಟು ನಿಂತಿತ್ತು. ಮಡಿಲಲ್ಲಿ ಅರ್ಜಿಯ ಲಕೋಟೆ ಇಟ್ಟುಕೊಂಡು, ನ್ಯಾಯವನ್ನೇ ಹೊತ್ತೊಯ್ಯುತ್ತಿರುವವಳಂತೆ ನೆಟ್ಟಗೆ ಕುಳಿತಿದ್ದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಅರ್ಜಿಯನ್ನು ಬಿಡಿಸಿ, ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು ನೋಡಿದಳು.

"ಯಾರ್ ಬರದಾರ್ರೀ ಇದನ್ನ? ಪ್ರಿಂಟ್ ಹೊಡದಂಗ ಐತಿ."

"ನಾನೇ ಬರದೀನಿ."

ಅವಳು ಓದುತ್ತ ಹೋದಳು. ಮೂರನೆಯ ಅಂಶದ ಹತ್ತಿರ ನಿಂತಳು. ದನಿ ತಗ್ಗಿಸಿದಳು. "ಮೇಡಂ, ಇದು ಸಿಂಧನೂರಿಗೆ ಹೋದ್ರ ಅವನ್ನ ತಗದಾ ಬಿಡ್ತಾರ. ಡಬ್ಬಿ ಅದಲಬದಲ ಮಾಡಿದೋರನ್ನ ಇಟ್ಕೋಬಾರ್ದು ಅಂತ ಹೊಸಾ ಆರ್ಡರ್ ಬಂದೈತಿ. ಬಾಯಿಲೆ ಹೇಳ್ರಿ, ಸಾಕು. ನಾ ಅವಂಗ ಚಲೋತ್ನಾಗಿ ಬೈತೀನಿ."

"ಬಾಯಿಮಾತಿಗೆ ದಾಖಲೆ ಇರೋದಿಲ್ಲವ್ವ."

"ದಾಖಲಾ ಇರಬಾರ್ದು ಅಂತಾನ ಹೇಳಾಕತ್ತೀನ್ರೀ ನಾ!"

ನಾನು ಅರ್ಜಿಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿ, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೇ ಬಂದೆ.

ಶನಿವಾರ ಮುಂಜಾನೆ ಬಾಗಿಲಲ್ಲಿ "ಹಾಜರ್ರೀ ಟೀಚರ್ರ" ಎಂಬ ದನಿ ಕೇಳಿತು. ಲೈನ್‌ಮನ್. ಮೂವತ್ತೈದು ದಾಟಿದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಆದರೂ ನನ್ನೆದುರು ನಿಂತಾಗ ಎಂಟನೆಯ ತರಗತಿಯವನಂತೆ ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಾನೆ. ಅವನ ಅಕ್ಷರ ಇರುವೆ ಹರಿದಂತೆ ಇರುತ್ತಿತ್ತು. ಒಂದು ವರ್ಷ ಪೂರ್ತಿ ಕಾಪಿ ಬರೆಸಿ ಅದನ್ನು ದುಂಡಗೆ ಮಾಡಿದವಳು ನಾನು.

"ಸಿಂಧನೂರಿಂದ ಫೋನ್ ಬಂದಿತ್ರಿ. ಸೋಮವಾರ ಹನ್ನೆರಡಕ್ಕ ಬಾ, ಆರ್ಡರ್ ಟೈಪ್ ಮಾಡಿ ಇಟ್ಟಿರ್ತೀವಿ ಅಂದಾರ."

"ಯಾವ ಆರ್ಡರು?"

"ಮನೀಗೆ ಹೋಗು ಅನ್ನೂ ಆರ್ಡರ್ರಿ. ನಿಮ್ಮ ಅರ್ಜಿದು ಫೋಟೋ ಕಳಿಸಿದ್ರು. ಓದಿದೆ. ಮೂರನೇ ಪಾಯಿಂಟ್ ಓದೂಮುಂದ ನನಗ ನನ್ನ ಮ್ಯಾಲಾ ಸಿಟ್ಟು ಬಂತ್ರೀ ಟೀಚರ್ರ. ಅಷ್ಟು ಚೆಂದ ಬರದೀರಿ."

ನಾನು ಕುಳಿತುಕೊಳ್ಳಲು ಹೇಳಿದೆ. ಅವನು ಕುಳಿತುಕೊಳ್ಳಲಿಲ್ಲ.

"ಡಬ್ಬಿ ಬದಲಿ ಮಾಡಿದ್ದು ನೀನಲ್ಲ ಅಂತೀಯೇನು?"

"ನಾ ಅಲ್ರಿ."

"ನೀರು ಕುಡಿಯೋಕೆ ಅವರ ಮನೀ ಒಳಗ ಹೋಗಿದ್ದಿ."

"ನೀರು ಕುಡುದ್ನಿ. ಡಬ್ಬಿ ಕುಡೀಲಿಲ್ರಿ." ಕೂಡಲೇ ಅವನು ನಾಲಿಗೆ ಕಚ್ಚಿಕೊಂಡ. "ಮತ್ತ, ಒಂದು ಡಬ್ಬಿ ನಿಮ್ಮನ್ಯಾಗಿತ್ತಲ್ರಿ. ಅವತ್ತು ನಾ ನಿಮ್ಮ ಹೊಸ್ತಿಲಾ ದಾಟಿಲ್ಲ. ನಾ ಕಂಬದ ಮ್ಯಾಲಿದ್ದಾಗ ನೀವಾ ಕೆಳಗ ನಿಂತು 'ಹುಷಾರಪಾ, ಎಡಗಾಲು ಜಾರತೈತಿ' ಅನ್ನಾಕತ್ತಿದ್ರಿ."

ಅದು ನಿಜವಾಗಿತ್ತು. ಹಣೆಗೆ ಕೈ ಅಡ್ಡ ಹಿಡಿದು ಅವನು ಇಳಿಯುವವರೆಗೂ ನಿಂತಿದ್ದೆ. ನೀರು ಕುಡಿದು ಅವನು ಗಾಡಿ ಹತ್ತುವವರೆಗೆ ನಮ್ಮ ಬಾಗಿಲಲ್ಲಿಯೇ ಇದ್ದೆ. ನಮ್ಮ ಮನೆಯೊಳಗೆ ಬಾರದವನು ನಮ್ಮ ಡಬ್ಬಿಯನ್ನು ಬದಲಿಸುವುದಾದರೂ ಹೇಗೆ? ಇಷ್ಟು ಸಣ್ಣ ಪ್ರಶ್ನೆಯನ್ನು ಅರ್ಜಿಗೆ ಮೊದಲು ನಾನು ಕೇಳಿಕೊಂಡಿರಲಿಲ್ಲ.

ಅವನು ಚೀಲದಿಂದ ರಟ್ಟಿನ ಹೊದಿಕೆಯ ಪುಸ್ತಕ ತೆಗೆದ. ಯಾವ ಮನೆಗೆ ಯಾವ ದಿನ ಯಾವ ನಂಬರಿನ ಡಬ್ಬಿ ಹಾಕಿದನೆಂದು ಅದರಲ್ಲಿ ಬರೆದುಕೊಂಡಿದ್ದ. ಮೂರು ವರ್ಷದ ಹಿಂದಿನ ಪುಟದಲ್ಲಿ ನಮ್ಮ ಎರಡು ಮನೆಗಳೂ ಒಂದರ ಕೆಳಗೆ ಒಂದು ಇದ್ದವು. ದುಂಡನೆಯ ಅಕ್ಷರ, ಎಡಗಡೆ ಎರಡು ಬೆರಳಗಲ ಅಂಚು. ನನ್ನ ಮುಂದಿದ್ದ ಡಬ್ಬಿಯ ನಂಬರು ಅಲ್ಲಿ ನೆಗೆಣ್ಣಿಯ ಮನೆಯ ಎದುರಿಗಿತ್ತು.

"ಹಾಕೂಮುಂದ ಸರಿಯಾಗೇ ಹಾಕೀನ್ರಿ. ನಡುವ ಯಾರೋ ಬದಲಿ ಮಾಡ್ಯಾರ. ಬಾಜೂ ಮನಿಯವರು ಎರಡು ತಿಂಗಳು ನೆಟ್ ಬಂದ್ ಇಡ್ರಿ ಅಂತ ಹೇಳಿ ಹೋಗ್ಯಾರ. ಆಫೀಸ್ನವರು ಅವರ ನಂಬರಿನ ಡಬ್ಬಿ ಬಂದ್ ಮಾಡಿದ್ರು. ಆ ಡಬ್ಬಿ ನಿಮ್ಮನ್ಯಾಗ ಐತಿ, ಅದಕ್ಕ ನಿಮ್ಮದು ನಿಂತೈತಿ. ನಿಮ್ಮ ಡಬ್ಬಿ ಅವರ ಮನ್ಯಾಗ ಆರಾಮ ನಡದೈತಿ. ವೈರಿಗೆ ಯಾರ ಮನಿ ಅಂತ ಗೊತ್ತಿರೂದಿಲ್ರಿ, ಡಬ್ಬಿ ನಂಬರ್ ಒಂದಾ ಗೊತ್ತು. ಎರಡಕ್ಕೂ ಒಂದಾ ಹೆಸರು ಇಟ್ಟೀವಲ್ರಿ, ಅದಕ್ಕ ಇಷ್ಟು ದಿನ ನಿಮಗೂ ಗೊತ್ತಾಗಿಲ್ಲ, ಅವರಿಗೂ ಗೊತ್ತಾಗಿಲ್ಲ."

ಇದನ್ನೆಲ್ಲ ಆಫೀಸಿನಲ್ಲಿ ಹೇಳಲಿಲ್ಲವೇ ಎಂದೆ.

"ಹೇಳಿದ್ನಿ. 'ಹಂಗಂತ ಬರದು ಕೊಟ್ಟವರು ಟೀಚರು, ನೀ ಯಾರು?' ಅಂದ್ರು." ಅವನು ನೆಲ ನೋಡಿದ. "ನಾ ತಕರಾರು ಮಾಡಾಕ ಬಂದಿಲ್ರಿ. ಹೈದರಾಬಾದಿನ್ಯಾಗ ಟವರ್ ಕೆಲಸ ಬಿಟ್ಟು ಊರಿಗೆ ಬಂದು ಆರು ವರ್ಷ ಆತು. ಇದು ಹೋದ್ರ ತಿರುಗಿ ಅಲ್ಲಿಗೇ ಹೋಗಬೇಕು. ಹೋಗ್ತೀನ್ರಿ, ಏನ್ ಮಾಡೂದು. ಆದ್ರ ನಮ್ಮ ಮನ್ಯಾಗಿನಾಕಿ, 'ಟೀಚರು ಬರದಾರ ಅಂದ್ರ ಖರೇನ ಇರ್ತೈತಿ, ನೀ ಏನೋ ಮಾಡೀದಿ' ಅನ್ನಾಕತ್ತ್ಯಾಳ. ಅಕಿನೂ ನಿಮ್ಮ ಕೈಯಾಗ ಕಲ್ತಾಕಿ. ಅಕಿಗೆ ಒಂದು ಫೋನ್ ಮಾಡಿ ಹೇಳ್ರಿ, ಅಷ್ಟಾ."

ನಮ್ಮೂರಿನ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷದ ಹಿಂದೆ ಕೆತ್ತಿದ ಅಕ್ಷರಗಳು ಇಂದಿಗೂ ಇವೆ. ಬರೆದದ್ದು ಉಳಿಯುತ್ತದೆ ನೋಡಿ ಎಂದು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಹೇಳುತ್ತಿದ್ದೆ. ಬರೆದದ್ದು ಉಳಿದುಬಿಡುತ್ತದಲ್ಲ ಎಂದು ಅನಿಸಿದ್ದು ಆ ಶನಿವಾರವೇ ಮೊದಲು. ಅವನ ಹೆಂಡತಿಗೆ ಅವನೆದುರೇ ಫೋನ್ ಮಾಡಿದೆ. "ನಾ ತಪ್ಪು ಬರದೀನವ್ವ" ಎಂದೆ. ಆಕೆ, "ನೀವಾ, ಟೀಚರ್ರ?" ಎಂದಳು.

ಆದರೆ ಬದಲಿಸಿದವರು ಯಾರು? ಅದು ಗೊತ್ತಾಗದೆ ಸಿಂಧನೂರಿನಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ? ಶಿಷ್ಯನ ಮೇಲಿನ ಕನಿಕರಕ್ಕೆ ಸುಳ್ಳು ಹೇಳುತ್ತಿದ್ದಾಳೆ ಎನ್ನುವುದಿಲ್ಲವೇ? ಭಾನುವಾರ ಬೆಳಿಗ್ಗೆ ನೆಗೆಣ್ಣಿಗೆ ಫೋನ್ ಹಚ್ಚಿದೆ. ಹಿನ್ನೆಲೆಯಲ್ಲಿ ಕೂಸು ಅಳುತ್ತಿತ್ತು. ನಡೆದದ್ದನ್ನೆಲ್ಲ ಹೇಳಿ, "ನಿಮ್ಮನೀ ಡಬ್ಬೀನ ಯಾರಾದ್ರೂ ಮುಟ್ಟಿದ್ರೇನು? ನೆನಪು ಮಾಡ್ಕೋ" ಎಂದೆ.

ಅವಳು ನಗಲು ಶುರುಮಾಡಿದಳು. ಕೂಸು ಅಳು ನಿಲ್ಲಿಸಿತು.

"ಅಕ್ಕಾರ, ನೀವಾ ಅಲ್ಲೇನ್ರೀ ಮುಟ್ಟಿದವರು! ಮಹಾನವಮಿ ದಿನ ಎರಡೂ ಮನೀ ಮಷೀನು ನಿಮ್ಮ ಪಡಸಾಲ್ಯಾಗ ಸಾಲಾಗಿ ಇಡಿಸಿದವರ್‍ಯಾರು?"

ಇಲ್ಲಿ ನಮ್ಮ ಮನೆಯ ಪದ್ಧತಿಯನ್ನು ಹೇಳಬೇಕು. ಆಯುಧಪೂಜೆ ಹಿರಿಯರ ಮನೆಯಲ್ಲಿಯೇ ಆಗಬೇಕೆಂದು ನಮ್ಮ ಅತ್ತೆಯವರ ಕಾಲದಿಂದ ನಡೆದುಬಂದಿದೆ. ಆಗ ಕುಡುಗೋಲು, ಕೊಡಲಿ, ಕುರುಪಿ ಇರುತ್ತಿದ್ದವು. ಈಗ ಹೊಲಿಗೆ ಯಂತ್ರ, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಮೈದುನ ಮೋಟಾರು ಬಿಚ್ಚುವ ಪಾನಾಗಳ ಪೆಟ್ಟಿಗೆ, ನನ್ನ ಪೆನ್ನುಗಳು. ಅವುಗಳ ಜೊತೆಗೆ ಎರಡು ವೈಫೈ ಡಬ್ಬಿ. ಗೋಡೆಯ ಮೇಲಿದ್ದಲ್ಲಿಯೇ ಅವಕ್ಕೆ ಕುಂಕುಮ ಹಚ್ಚಿದರೆ ಸಾಕೆಂದು ನೆಗೆಣ್ಣಿ ಹೇಳಿದ್ದಳು. ದುಡಿಯುವ ವಸ್ತುವಿಗೆಲ್ಲ ಒಂದು ದಿನ ವಿಶ್ರಾಂತಿ ಸಿಗಬೇಕು, ಎಲ್ಲವನ್ನೂ ಕಳಚಿ, ಒರೆಸಿ, ಸಾಲಿನಲ್ಲಿ ಇಡತಕ್ಕದ್ದು ಎಂದು ಪಟ್ಟು ಹಿಡಿದವಳು ನಾನು. ಒಟ್ಟು ಹನ್ನೆರಡು ವಸ್ತು. ದೇವರ ಮುಂದೆ ಚೀಟಿ ಅಂಟಿಸಬಾರದೆಂದು ಎಲ್ಲದರ ಪಟ್ಟಿ ಮಾಡಿದ್ದೆ.

"ಮರುದಿನ ತಗಿಯೂಮುಂದ," ಎಂದಳು ನೆಗೆಣ್ಣಿ, "ಯಾರೂ ಮುಟ್ಟಬ್ಯಾಡ್ರಿ, ಮೊದಲು ಡಬ್ಬಿ ಯಾವುದು ಯಾರದಂತ ಆಗ್ಲಿ ಅಂದ್ರಿ. ಬಾಗಿಲ ಕಡಿಂದ ಬಟ್ಟು ಮಾಡಿ ಎಣಿಸಿದ್ರಿ. 'ಆರನೇದು ನಮ್ಮದು, ಏಳನೇದು ನಿಮ್ಮದು' ಅಂದ್ರಿ. ನಾ ಅಂದ್ನಿ, 'ಅಕ್ಕಾರ, ನಮ್ಮದಕ್ಕ ನಾ ದೊಡ್ಡ ಕುಂಕುಮ ಇಟ್ಟಿದ್ನಲ್ರಿ' ಅಂತ. ನೀವೇನಂದ್ರಿ, ನೆನಪೈತೇನು?"

ನೆನಪಿತ್ತು. "ಪಟ್ಟಿ ಸುಳ್ಳು ಹೇಳೋದಿಲ್ಲ" ಎಂದಿದ್ದೆ.

"ಹಿರೇರು ಹೇಳಿದ ಮ್ಯಾಲ ಆತು ಬಿಡು, ಡಬ್ಬಿ ಡಬ್ಬೀನ ಅಂತ ಒಯ್ದ್ನಿ. ಒಂದೊಂದು ಸಲ ನಿಮಗ ಎದುರು ಮಾತಾಡೂದಕ್ಕಿಂತ ನಿಮ್ಮ ಡಬ್ಬಿ ಒಯ್ಯೂದು ಹಗುರ ಆಕೈತ್ರೀ ಅಕ್ಕಾರ."

ಕಪಾಟಿನಲ್ಲಿ 'ಹಬ್ಬಗಳು' ಎಂಬ ಫೈಲಿನಿಂದ ಆ ಪಟ್ಟಿಯನ್ನು ತೆಗೆದೆ. ಆರು: ವೈಫೈ ಡಬ್ಬಿ, ಹಿರಿಮನೆ. ಏಳು: ವೈಫೈ ಡಬ್ಬಿ, ಕಿರಿಮನೆ. ತಲೆಬರಹದಲ್ಲಿ, ಗೆರೆ ಎಳೆದು, ನನ್ನದೇ ಕೈಬರಹದಲ್ಲಿ ಬರೆದಿತ್ತು: "ದೇವರ ಬಲದಿಂದ ಎಡಕ್ಕೆ."

ಪೂಜೆಯಲ್ಲಿ ಬಲವೆಂದರೆ ದೇವರ ಬಲ. ತುಪ್ಪದ ದೀಪ ಇಡುವಾಗಲೂ ಹಾಗೆಯೇ ನೋಡಬೇಕೆಂದು ನೆಗೆಣ್ಣಿಗೆ ನೂರು ಸಲ ಹೇಳಿದವಳು ನಾನು. ದೇವರು ನಮ್ಮ ಕಡೆಗೆ ಮುಖ ಮಾಡಿರುತ್ತಾನೆ, ಅವನ ಬಲ ನಮ್ಮ ಎಡ. ಪಟ್ಟಿ ಬರೆಯುವಾಗ ಅದನ್ನು ಪಾಲಿಸಿದ್ದೆ. ಮರುದಿನ ಎಣಿಸುವಾಗ, ಶುಭಕಾರ್ಯ ಬಲದಿಂದ ಆಗಬೇಕೆಂದು, ನನ್ನ ಬಲದಿಂದ, ಅಂದರೆ ಬಾಗಿಲ ಕಡೆಯಿಂದ, ಎಣಿಸಿದ್ದೆ. ಹನ್ನೆರಡರಲ್ಲಿ ಆರು ಮತ್ತು ಏಳು ನಟ್ಟನಡುವಿನ ಜೋಡಿ. ತಪ್ಪು ತುದಿಯಿಂದ ಎಣಿಸಿದರೆ ಆರು ಏಳಾಗುತ್ತದೆ, ಏಳು ಆರಾಗುತ್ತದೆ. ಉಳಿದವುಗಳನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ಪಾನಾ ಪೆಟ್ಟಿಗೆಯನ್ನು ಯಾರೂ ಪೆನ್ನಿನ ಪೆಟ್ಟಿಗೆಯೆಂದು ಒಯ್ಯುವುದಿಲ್ಲ. ಒಂದನ್ನೊಂದು ಹೋಲುತ್ತಿದ್ದದ್ದು ಅವೆರಡೇ.

ಪಟ್ಟಿ ಸುಳ್ಳು ಹೇಳಿರಲಿಲ್ಲ, ನಿಜ.

ಸೋಮವಾರ ಬೆಳಿಗ್ಗೆ ಸಿಂಧನೂರಿನ ಬಸ್ಸು ಹತ್ತಿದೆ. ಬಳಗಾನೂರಿನ ಕಡೆಗೆ ಹೋಗುವವರು ಬಾಗಿಲಲ್ಲಿಯೇ ನಿಂತಿದ್ದರು. ಕಾಲುವೆ ದಾಟಿದ ಮೇಲೆ ಹೊಲಗಳ ಬಣ್ಣ ಬದಲಾಯಿತು. ನೀರು ನಿಂತ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ಸಸಿ ನಾಟುತ್ತಿದ್ದರು, ಅವರ ಹಿಂದೆ ಬೆಳ್ಳಕ್ಕಿಗಳ ಸಾಲು. ನಾನು ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ಹನ್ನೆರಡಕ್ಕೆ ಮೊದಲು 'ನನ್ನ ತಪ್ಪು' ಎಂಬ ಮಾತನ್ನು ಹೇಗೆ ಆರಂಭಿಸಬೇಕೆಂದು ಮನಸ್ಸಿನಲ್ಲಿಯೇ ಕರಡು ತಿದ್ದುತ್ತಿದ್ದೆ. ಅದು ಪ್ರತಿ ಸಲವೂ ಉದ್ದವಾಗುತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ನೆಗೆಣ್ಣಿ ಕಾಯುತ್ತಿದ್ದಳು. ಸೀರೆಯಿಂದ ಬೆಳ್ಳುಳ್ಳಿ, ಅಜವಾನದ ಬಾಣಂತಿ ಮನೆಯ ವಾಸನೆ ಬರುತ್ತಿತ್ತು. "ಬೀಗದ ಕೈ ತಂದೀನಿ. ಸಾಕ್ಷಿ ಹೇಳಾಕ ನಾನೂ ಬಂದೀನಿ. ನಿಮ್ಮ ತಪ್ಪು ನೀವಾ ಒಪ್ಕೊಳ್ಳೂದು ನೋಡಾಕ ಬಂದೀನಿ ಅಂತ ಬೇಕಾದ್ರ ತಿಳ್ಕೊಳ್ರಿ" ಎಂದಳು.

ಆಫೀಸಿನಲ್ಲಿ ಲೈನ್‌ಮನ್ ಆಗಲೇ ಬಂದು ಬಾಗಿಲ ಹತ್ತಿರ ನಿಂತಿದ್ದ. ಮ್ಯಾನೇಜರರ ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗೆ, ಟೈಪ್ ಮಾಡಿದ ಒಂದು ಹಾಳೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ಅದು ಯಾವ ಹಾಳೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾನು ವಿಷಯ ಹೇಳಿದೆ. ಮ್ಯಾನೇಜರರು ತಾಳ್ಮೆಯಿಂದ ಕೇಳಿ ತಲೆಯಾಡಿಸಿದರು.

"ಗುರುತಿನವರು ಅಂತ ಎಷ್ಟೋ ಮಂದಿ ಕಂಪ್ಲೇಂಟ್ ವಾಪಸ್ ತಗೋತಾರಮ್ಮಾ. ಹಂಗ ಮಾಡಾಕ ಬರೂದಿಲ್ಲ. ಡಬ್ಬಿ ಹೆಂಗ ಬದಲಾತು, ಖರೇ ಕಾರಣ ಬೇಕು."

ಪಟ್ಟಿಯನ್ನು ಕೊಟ್ಟೆ. ಅವರು ಓದಿದರು. ತಲೆಬರಹ ಓದಿದರು. "ಅರ್ಥ ಆಗಲಿಲ್ಲ" ಎಂದರು.

"ನಾ ತೋರಿಸ್ತೀನ್ರಿ," ಎಂದು ನೆಗೆಣ್ಣಿ ಎದ್ದೇಬಿಟ್ಟಳು. ಮ್ಯಾನೇಜರರ ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ದೇವರ ಪಟವಿತ್ತು. ಅದರ ಮುಂದಿನ ಸಣ್ಣ ಮೇಜಿನ ಮೇಲೆ ಅವಳು ಆಫೀಸಿನ ವಸ್ತುಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು: ಸ್ಟೇಪ್ಲರು, ಮುದ್ರೆ, ಚಹಾದ ಲೋಟ, ಯಾರದೋ ಹೆಲ್ಮೆಟ್ಟು, ಮ್ಯಾನೇಜರರ ಕನ್ನಡಕದ ಪೆಟ್ಟಿಗೆ. ನಟ್ಟನಡುವೆ, ಮೂಲೆಯಲ್ಲಿ ಬಿದ್ದಿದ್ದ ಎರಡು ಹಳೆಯ ಡಬ್ಬಿ. ಹನ್ನೆರಡಾದವು. ಎಡಗಡೆಯ ಡಬ್ಬಿಗೆ ಹಣೆಯಿಂದ ಒಂದಿಷ್ಟು ಕುಂಕುಮ ತೆಗೆದು ಸಣ್ಣ ಬೊಟ್ಟು ಇಟ್ಟಳು. "ಇದು ಅಕ್ಕಾರದು. ಪಟ್ಟಿ ಪ್ರಕಾರ ಆರನೇದು. ಈಗ ಎಣಸ್ರೀ ಅಕ್ಕಾರ, ಅವತ್ತು ಎಣಸಿದಂಗ."

ಆಫೀಸಿನ ಮಂದಿಯೆಲ್ಲ ಬಂದು ಸುತ್ತ ನಿಂತರು. ಇಪ್ಪತ್ತೆರಡು ವರ್ಷ ತರಗತಿಯ ಮುಂದೆ ನಿಂತವಳು ಅಂದು ದೇವರ ಪಟದ ಮುಂದೆ ಹೋಗಿ ನಿಂತೆ. ಬಲಗಡೆಯ ತುದಿಯಿಂದ ಬೆರಳು ಮಾಡುತ್ತ ಎಣಿಸಿದೆ. ಒಂದು, ಎರಡು, ಮೂರು. ಆರು ಎಂದಾಗ ಬೆರಳು ಬೊಟ್ಟಿಲ್ಲದ ಡಬ್ಬಿಯ ಮೇಲಿತ್ತು.

ಯಾರೋ "ಹೌದಲ್ಲಾ!" ಎಂದರು. ಮ್ಯಾನೇಜರರು ಎದ್ದು ಬಂದು ತಾವೇ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಎಣಿಸಿದರು. ಆಮೇಲೆ ಕನ್ನಡಕದ ಪೆಟ್ಟಿಗೆಯನ್ನು ಸಾಲಿನಿಂದ ತೆಗೆದುಕೊಂಡು, "ಬರದು ಕೊಡ್ರಿ" ಎಂದರು.

ಬಸ್ಸಿನಲ್ಲಿ ತಿದ್ದಿದ ಕರಡು ಒಂದೂ ನೆನಪಾಗಲಿಲ್ಲ. ನಾಲ್ಕು ಸಾಲು ಬರೆದೆ. ಡಬ್ಬಿಗಳನ್ನು ಹಬ್ಬದ ಮರುದಿನ ನಾನೇ ತಪ್ಪಾಗಿ ಹಂಚಿದೆನೆಂದೂ, ಲೈನ್‌ಮನ್‌ರ ತಪ್ಪೇನೂ ಇಲ್ಲವೆಂದೂ, ನನ್ನ ಹಿಂದಿನ ಅರ್ಜಿಯ ಮೂರನೆಯ ಅಂಶ ಊಹೆಯೇ ಹೊರತು ನಾನು ಕಂಡದ್ದಲ್ಲವೆಂದೂ ಬರೆದು ಸಹಿ ಮಾಡಿ ಕೊಡಲು ಹೋದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷವಿತ್ತು.

"ಟೀಚರ್ರ," ಎಂದ ಲೈನ್‌ಮನ್ ಮೆಲ್ಲಗೆ, ಕೈಯನ್ನು ಹಿಂದೆ ಕಟ್ಟಿಕೊಂಡೇ. "ತಾರೀಖು ಹಾಕಿಲ್ರಿ."

ತಾರೀಖಿಲ್ಲದ ಪತ್ರಕ್ಕೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಅವನದೇ ಎಷ್ಟು ಅಂಕ ಕಳೆದಿದ್ದೆನೋ. ನೆಗೆಣ್ಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಬಲಗಡೆ ಮೇಲ್ತುದಿಯಲ್ಲಿ ತಾರೀಖು ಹಾಕಿದೆ. ಮ್ಯಾನೇಜರರು ಅದರ ಮೇಲೆ ಮುದ್ರೆ ಒತ್ತಿ, ಗಾಜಿನ ಗುಂಡಿನ ಕೆಳಗಿದ್ದ ಹಾಳೆಯನ್ನು ತೆಗೆದು, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹರಿದು ಬುಟ್ಟಿಗೆ ಹಾಕಿದರು. ಲೈನ್‌ಮನ್ ಕಟ್ಟಿಕೊಂಡಿದ್ದ ಕೈಗಳನ್ನು ಆಗ ಬಿಟ್ಟ.

ಕಂಪ್ಯೂಟರಿನಲ್ಲಿ ನಂಬರ್ ಬದಲಿಸಿದರೂ ಸಾಕಾಗುತ್ತಿತ್ತು. ನೆಗೆಣ್ಣಿ ಒಪ್ಪಲಿಲ್ಲ: "ಬ್ಯಾಡ್ರಿ, ನಾ ದೊಡ್ಡ ಕುಂಕುಮ ಇಟ್ಟದ್ದು ನನಗ ಬರ್ಲಿ." ಬೀಗದ ಕೈಯನ್ನು ಅವಳು ನನ್ನ ಕೈಗೆ ಕೊಡಲಿಲ್ಲ, ಲೈನ್‌ಮನ್ ಕೈಗೆ ಕೊಟ್ಟಳು. "ಕೆಲಸ ಮುಗದ ಕೂಡ್ಲೇ ಬೀಗ ಹಾಕಿ ನನಗ ತಂದು ಕೊಡಪಾ. ಅಡಗೀಮನಿ ಕಡೆ ಯಾರನ್ನೂ ಬಿಡಬ್ಯಾಡ" ಎಂದಳು, ನನ್ನನ್ನು ನೋಡದೆ.

ಮರುದಿನ ಅವನು ಬಂದು ಎರಡು ಡಬ್ಬಿಗಳನ್ನೂ ಅವುಗಳ ಮನೆಗೆ ಸೇರಿಸಿದ. ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡ; ತಾರೀಖು ಮೊದಲು, ಉಳಿದದ್ದು ಆಮೇಲೆ. ನಮ್ಮ ಡಬ್ಬಿಯಲ್ಲಿ ಹಸಿರು ದೀಪ ಬಂತು. ಇನ್ನು ಮುಂದೆ ಗೊಂದಲ ಬೇಡವೆಂದು ನಾನು ಒಳಗಿನಿಂದ ಅಂಟುಚೀಟಿಯ ಸುರುಳಿ, ಕತ್ತರಿ, ಪೆನ್ನು ತಂದೆ. 'ಹಿರಿಮನೆ' ಎಂದು ಬರೆದು, ಡಬ್ಬಿಯನ್ನು ಮಗುಚಿ ಬುಡದಲ್ಲಿ ಅಂಟಿಸಲು ಹೊರಟೆ.

"ಅಲ್ಲಿ ಬ್ಯಾಡ್ರೀ ಟೀಚರ್ರ," ಎಂದ ಅವನು. "ನಂಬರ್ ಮುಚ್ಚಿಹೋಕೈತಿ."

ನಾನು ಸುರುಳಿಯನ್ನು ಒಳಗೆ ಇಟ್ಟು ಬಂದು, ಅವನಿಗೆ ಚಹಾ ಮಾಡಲು ಹೋದೆ.